ಬ್ರೇಕ್ ಲೈನಿಂಗ್ ಫ್ಯಾಕ್ಟರಿಯಲ್ಲಿ 26 ವರ್ಷ ದುಡಿದ ಅಪ್ಪನಿಗೆ ಈಗ ಏದುಸಿರು: ಪರಿಹಾರ ಸಿಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಬೆಂಗಳೂರಿನವರು. ನಮ್ಮಪ್ಪನಿಗೆ ಈಗ 60 ವರ್ಷ. 1989ರಿಂದ 2015ರವರೆಗೆ ಪೀಣ್ಯದ ಕಡೆ ಒಂದು ಬ್ರೇಕ್ ಲೈನಿಂಗ್ ಫ್ಯಾಕ್ಟರಿಯಲ್ಲಿ ದುಡಿದರು. ಮೊದಲ ಆರು ವರ್ಷ ಕಂಟ್ರಾಕ್ಟ್ ಹೆಲ್ಪರ್, ಆಮೇಲೆ ಪರ್ಮನೆಂಟ್. ಸ್ವಲ್ಪ ಕಾಲ ಮಿಕ್ಸಿಂಗ್, ಮಿಕ್ಕಿದ್ದೆಲ್ಲ ಗ್ರೈಂಡಿಂಗ್. ಬಿಡುವಾಗ ಸಂಬಳ 11,000 ರೂಪಾಯಿ ಇತ್ತು. ಮೂರು ವರ್ಷದಿಂದ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಕಡೆ ಟಿಬಿ ಅಂದರು. ಕಫದಲ್ಲಿ ಏನೂ ಸಿಗದಿದ್ದರೂ ಆರು ತಿಂಗಳು ಮಾತ್ರೆ ಕೊಟ್ಟರು, ಕಡಿಮೆಯಾಗಲಿಲ್ಲ. ಈಗ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಎರಡೂ ಶ್ವಾಸಕೋಶದ ಕೆಳಭಾಗದಲ್ಲಿ ಫೈಬ್ರೋಸಿಸ್, ಪ್ಲೂರಾದಲ್ಲಿ ಕ್ಯಾಲ್ಸಿಯಂ ಕಟ್ಟಿದ ಪ್ಲಾಕ್ ಅಂತ ಬಂದಿದೆ. ಫ್ಯಾಕ್ಟರಿ ಹೆಸರು ಬದಲಾಯಿಸಿಕೊಂಡು ಬೇರೆ ಊರಿಗೆ ಹೋಗಿದೆ. ಫೋನ್ ಮಾಡಿದರೆ, "ನಿಮ್ಮಪ್ಪ ಬೀಡಿ ಸೇದುತ್ತಿದ್ದರು, ಕೆಲಸ ಬಿಟ್ಟು ಹತ್ತು ವರ್ಷವಾಯಿತು, ಫೈನಲ್ ಸೆಟಲ್‌ಮೆಂಟಿಗೆ ಸಹಿಯೂ ಹಾಕಿದ್ದಾರೆ" ಅನ್ನುತ್ತಾರೆ. ಇದು ಕಲ್ನಾರಿನಿಂದ ಬಂದದ್ದಾ? ಏನಾದರೂ ಪರಿಹಾರ ಸಿಗುತ್ತಾ? ಅಪ್ಪನ ಬಟ್ಟೆಯನ್ನೆಲ್ಲ ಅಮ್ಮನೇ ಒಗೆಯುತ್ತಿದ್ದರು, ಅವರಿಗೂ ಭಯವಿದೆಯಾ? ನನ್ನ ತಮ್ಮ ಈಗ ಲಾರಿ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಮಾಡುತ್ತಾನೆ.

ಉತ್ತರ: ನಿಮ್ಮ ತಂದೆಯವರನ್ನು ನಾನು ಪರೀಕ್ಷಿಸಿಲ್ಲ. ಹಾಗಾಗಿ ಇಂಥದ್ದೇ ಕಾಯಿಲೆ ಎಂದು ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಆದರೆ ನೀವು ಬರೆದಿರುವುದೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದೆ. ಫ್ಯಾಕ್ಟರಿಯವರು ಹೇಳಿದ ಮೂರು ಮಾತಿನಲ್ಲಿ ಒಂದೂ ನಿಮ್ಮ ದಾರಿ ಮುಚ್ಚುವುದಿಲ್ಲ. ಸಮಯ ಮಾತ್ರ ಕಡಿಮೆ ಇದೆ, ಆದ್ದರಿಂದ ಅವರ ಜೊತೆ ಫೋನಿನಲ್ಲಿ ವಾದ ಮಾಡುತ್ತಾ ಕೂರಬೇಡಿ.

ಒಂದು ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಿ. ತಂದೆಯವರು ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಿಭಾಗದಲ್ಲಿ, ಯಾವ ಮೆಷಿನ್ ಮೇಲೆ, ಎಷ್ಟು ಧೂಳಿನಲ್ಲಿ ಕೆಲಸ ಮಾಡಿದರು ಎಂಬುದನ್ನು ಶ್ವಾಸಕೋಶದ ಡಾಕ್ಟರ ಹತ್ತಿರ ಹೇಳಿ, ಆಸ್ಪತ್ರೆಯ ಕೇಸ್ ಶೀಟಿನಲ್ಲೇ ಬರೆಸಿ. ಈ ಕಾಯಿಲೆ ಪತ್ತೆಯಾಗುವುದು ಅರ್ಧ ಸ್ಕ್ಯಾನಿನಿಂದ, ಇನ್ನರ್ಧ ಕೆಲಸದ ಕಥೆಯಿಂದ. ನನ್ನ ಬಳಿ ಬರುವ ಎಷ್ಟೋ ಫೈಲುಗಳಲ್ಲಿ ಸ್ಕ್ಯಾನ್ ಇರುತ್ತದೆ, ರಕ್ತಪರೀಕ್ಷೆ ಇರುತ್ತದೆ, "ಕೆಲಸ" ಎಂಬಲ್ಲಿ "ಕೂಲಿ" ಅಥವಾ "ನಿವೃತ್ತ" ಎಂದಷ್ಟೇ ಇರುತ್ತದೆ. ಆ ಒಂದು ಸಾಲು ಖಾಲಿ ಇದ್ದರೆ ಮುಂದೆ ವಕೀಲರು ಎಷ್ಟೇ ಗಟ್ಟಿಗರಾದರೂ ಕೈ ಕಟ್ಟಿದ ಹಾಗೆ.

ಇನ್ನು ಕಾಯಿಲೆಯ ವಿಚಾರ.

ಬ್ರೇಕ್ ಲೈನಿಂಗ್‌ಗೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಹಾಕುತ್ತಿದ್ದದ್ದಕ್ಕೆ ಕಾರಣವಿತ್ತು. ಅದು ಬಿಸಿ ತಡೆಯುತ್ತದೆ, ಸುಲಭಕ್ಕೆ ಸವೆಯುವುದಿಲ್ಲ, ಬೆಲೆಯೂ ಕಡಿಮೆ. ಹಳೆಯ ಲೈನಿಂಗ್‌ಗಳಲ್ಲಿ ಎಷ್ಟೋ ಸಲ ತೂಕದ ಅರ್ಧದಷ್ಟು ಬಿಳಿ ಕಲ್ನಾರೇ ಇರುತ್ತಿತ್ತು. ಚೀಲ ಬಿಚ್ಚಿ ನಾರನ್ನು ಬಿಡಿಸಿ, ಫಿನಾಲಿಕ್ ರೆಸಿನ್, ಬೇರೈಟ್ಸ್ ಪುಡಿ, ಹಿತ್ತಾಳೆ ಚೂರು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಫ್ರಿಕ್ಷನ್ ಡಸ್ಟ್ ಎಲ್ಲ ಸೇರಿಸಿ ಮಿಕ್ಸರಿಗೆ ಹಾಕುತ್ತಾರೆ. ಆಮೇಲೆ ಹಾಟ್ ಪ್ರೆಸ್, ಓವನ್. ಅಲ್ಲಿಂದ ಗ್ರೈಂಡಿಂಗ್, ಡ್ರಿಲ್ಲಿಂಗ್. ಪ್ರೆಸ್‌ನಲ್ಲಿ ನಾರು ರೆಸಿನ್ ಒಳಗೆ ಹಿಡಿದು ಕೂತಿರುತ್ತದೆ, ಅಪಾಯ ಕಡಿಮೆ. ಚೀಲ ಬಿಚ್ಚುವಾಗ ಮತ್ತು ಗ್ರೈಂಡಿಂಗ್ ಮಾಡುವಾಗ ಅದು ಗಾಳಿಗೆ ಏಳುತ್ತದೆ. ನಿಮ್ಮ ತಂದೆಯವರು ಇದ್ದದ್ದು ಸರಿಯಾಗಿ ಈ ಎರಡೂ ಜಾಗದಲ್ಲಿ.

ಇಂಥ ಶೆಡ್ಡುಗಳಿಗೆ ನಾನು ಹೋದಾಗ ಮೊದಲು ನೋಡುವುದು ಗ್ರೈಂಡಿಂಗ್ ಕಲ್ಲಿನ ಹುಡ್ ಅನ್ನು. ಧೂಳು ಎಳೆಯುವ ಪೈಪು ಇರುತ್ತದೆ, ಆದರೆ ಎಷ್ಟೋ ಕಡೆ ಅದರ ಬಾಯಿ ಕಲ್ಲಿನಿಂದ ಒಂದು ಮೊಳ ದೂರ ಸರಿದಿರುತ್ತದೆ, ಇಲ್ಲವೇ ಬ್ಯಾಗ್ ಫಿಲ್ಟರ್ ತುಂಬಿ ಎಳೆಯುವುದೇ ಇಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ನಡೆಯುವುದು ಇನ್ನೂ ಕೆಟ್ಟದ್ದು. ಮೈಮೇಲಿನ ಬೂದು ಬಣ್ಣದ ಪುಡಿಯನ್ನು ಏರ್ ಹೋಸ್ ಹಿಡಿದು ಒಬ್ಬರಿಗೊಬ್ಬರು ಊದಿಕೊಳ್ಳುತ್ತಾರೆ. ಇಡೀ ದಿನ ಕಲ್ಲು ಏಳಿಸದಿದ್ದ ನಾರು ಆ ಎರಡು ನಿಮಿಷದಲ್ಲಿ ಮೂಗಿನ ಮುಂದೆ ಏಳುತ್ತದೆ. ತಂದೆಯವರನ್ನು ಕೇಳಿ ನೋಡಿ. ಬಹುಶಃ "ಹೌದು, ಹಾಗೇ ಮಾಡುತ್ತಿದ್ದೆವು" ಅನ್ನುತ್ತಾರೆ. ಅದನ್ನೂ ಕೇಸ್ ಶೀಟಿನಲ್ಲಿ ಬರೆಸಿ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ನಾರೇ ಹೆಚ್ಚು ಅಪಾಯ. ಅದು ಶ್ವಾಸಕೋಶದ ತುದಿಯವರೆಗೆ ಇಳಿಯುತ್ತದೆ. ದೇಹದ ಕಾವಲು ಕಣಗಳು ಅದನ್ನು ನುಂಗಲು ಹೋಗಿ, ಉದ್ದದ ನಾರು ನುಂಗಲಾಗದೆ ತಾವೇ ಸಾಯುತ್ತವೆ. ಆ ಜಾಗದಲ್ಲಿ ಉರಿಯೂತ, ಆಮೇಲೆ ಗಾಯದ ಕಲೆ, ಅಂದರೆ ಫೈಬ್ರೋಸಿಸ್. ವರ್ಷಗಟ್ಟಲೆ ಹೀಗೇ ನಡೆದು ಶ್ವಾಸಕೋಶ ಬಿಗಿಯಾಗುತ್ತದೆ. ಇದಕ್ಕೆ ಆಸ್‌ಬೆಸ್ಟೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಕಾಣಿಸಿಕೊಳ್ಳಲು 15–20 ವರ್ಷ ಬೇಕು. ಕೆಲಸ ಬಿಟ್ಟ ಮೇಲೂ ಮುಂದುವರಿಯಬಹುದು, ಯಾಕೆಂದರೆ ನಾರು ಒಳಗೇ ಇರುತ್ತದೆ. ಕೆಲಸ ಬಿಟ್ಟು ಹತ್ತು ವರ್ಷವಾಯಿತು ಎಂಬ ಅವರ ವಾದಕ್ಕೆ ವೈದ್ಯಶಾಸ್ತ್ರದಲ್ಲಿ ಬೆಲೆಯಿಲ್ಲ.

ಟಿಬಿ ಗೊಂದಲ ನಮ್ಮ ದೇಶದಲ್ಲಿ ತುಂಬಾ ಸಾಮಾನ್ಯ. ದೊಡ್ಡವರ ಶ್ವಾಸಕೋಶದ ಟಿಬಿ ಹೆಚ್ಚಾಗಿ ಮೇಲ್ಭಾಗದಲ್ಲಿ ಶುರುವಾಗುತ್ತದೆ. ಕಲ್ನಾರಿನ ಫೈಬ್ರೋಸಿಸ್ ಕೆಳಭಾಗದಲ್ಲಿ, ಎರಡೂ ಕಡೆ. ಎಕ್ಸ್‌ರೇಯಲ್ಲಿ ಬಿಳಿ ಕಂಡ ಕೂಡಲೇ ಟಿಬಿ ಮಾತ್ರೆ ಶುರು ಮಾಡುವುದು ಅಭ್ಯಾಸವಾಗಿಬಿಟ್ಟಿದೆ. ಆ ಡಾಕ್ಟರನ್ನು ದೂರಿ ಈಗ ಲಾಭವಿಲ್ಲ. ಆದರೆ ಕಫ ಪರೀಕ್ಷೆ ನೆಗೆಟಿವ್ ಬಂದ ಚೀಟಿ, ಮಾತ್ರೆಯಿಂದ ಗುಣವಾಗಲಿಲ್ಲ ಎಂಬ ದಾಖಲೆ ಜೋಪಾನವಾಗಿಡಿ. "ಇದು ಹಳೇ ಟಿಬಿ ಕಲೆ" ಎಂದು ನಾಳೆ ಎದುರು ಪಕ್ಷದವರು ಹೇಳಿದಾಗ ಅದೇ ನಿಮ್ಮ ಉತ್ತರ.

ಪ್ಲಾಕ್ ಬಗ್ಗೆ ಎರಡು ಮಾತು. ಪ್ಲೂರಾ ಅಂದರೆ ಶ್ವಾಸಕೋಶದ ಹೊರಪೊರೆ. ಅದರ ಮೇಲೆ ಎರಡೂ ಕಡೆ ಕಟ್ಟುವ ಈ ಬಿಲ್ಲೆಗಳು ತಾವಾಗಿ ಏದುಸಿರು ತರುವುದು ಕಡಿಮೆ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಕಲ್ನಾರು ಒಳಗೆ ಹೋಗಿತ್ತು ಎಂಬುದಕ್ಕೆ ಅವು ಸಾಕ್ಷಿ. ಬೀಡಿಯಿಂದ ಇಂಥ ಪ್ಲಾಕ್ ಬರುವುದಿಲ್ಲ. ಆಸ್‌ಬೆಸ್ಟೋಸಿಸ್ ಕೂಡ ಬೀಡಿಯಿಂದ ಬರುವುದಿಲ್ಲ.

ಬೀಡಿ ನಿಜವಾಗಿ ಲೆಕ್ಕಕ್ಕೆ ಬರುವುದು ಶ್ವಾಸಕೋಶದ ಕ್ಯಾನ್ಸರ್ ವಿಚಾರದಲ್ಲಿ. ಹೊಗೆ ಮತ್ತು ಕಲ್ನಾರು ಎರಡೂ ಸೇರಿದರೆ ಅಪಾಯ ಕೂಡುವುದಿಲ್ಲ, ಹೆಚ್ಚುಕಡಿಮೆ ಗುಣಾಕಾರವಾಗುತ್ತದೆ. ತಂದೆಯವರು ಇನ್ನೂ ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಅವರ ಕೈಯಲ್ಲಿ ಇರುವ ಅತಿ ದೊಡ್ಡ ಔಷಧಿ ಅದು. ಆದರೆ ಕ್ಯಾನ್ಸರ್ ಬಂದರೂ "ಬೀಡಿ ಸೇದಿದವನಿಗೆ ಪರಿಹಾರವಿಲ್ಲ" ಎನ್ನುವ ಹಾಗಿಲ್ಲ. 1997ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಸೇರಿದ ತಜ್ಞರು ಒಂದು ಅಳತೆ ಕೊಟ್ಟಿದ್ದಾರೆ. ಗಾಳಿಯ ಪ್ರತಿ ಮಿಲಿಲೀಟರಿನಲ್ಲಿ ಒಂದು ನಾರಿನಂತೆ 25 ವರ್ಷ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎರಡು ಪಟ್ಟಾಗುತ್ತದೆ. ಕಲ್ನಾರಿನ ಸಾಮಾನು ತಯಾರಿಸುವ ಕಡೆ ಒಂದೇ ವರ್ಷ ದಟ್ಟ ಧೂಳಿನಲ್ಲಿ ಕೆಲಸ ಮಾಡಿದ್ದರೂ ಕ್ಯಾನ್ಸರಿಗೂ ಕೆಲಸಕ್ಕೂ ನಂಟು ಹೇಳಬಹುದು ಎನ್ನುತ್ತದೆ ಆ ಅಳತೆ.

ಈ ಲೆಕ್ಕವನ್ನು ನಮ್ಮ ಕಾನೂನಿನ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಬಿಳಿ ಕಲ್ನಾರಿಗೆ ಕಾನೂನು ಒಪ್ಪಿದ ಮಿತಿ ಮಿಲಿಲೀಟರಿಗೆ ಒಂದು ನಾರು. ಅಮೆರಿಕದಲ್ಲಿ 1994ರಿಂದ ಅದರ ಹತ್ತನೇ ಒಂದು ಭಾಗ. ಅಂದರೆ ಎಲ್ಲ ನಿಯಮ ಪಾಲಿಸಿದ ಫ್ಯಾಕ್ಟರಿಯಲ್ಲೂ 25 ವರ್ಷ ದುಡಿದವರು ಆ ಅಪಾಯದ ಗೆರೆ ಮುಟ್ಟಿಬಿಡಬಹುದು. "ನಮ್ಮ ರೀಡಿಂಗ್ ಎಲ್ಲ ಮಿತಿಯೊಳಗೇ ಇತ್ತು" ಎಂದು ಕಂಪನಿ ಕಾಗದ ತೋರಿಸಿದರೆ ಹೆದರಬೇಡಿ. ಮಿತಿಯೊಳಗೆ ಇದ್ದರೆ ಕಾಯಿಲೆ ಬರುವುದಿಲ್ಲ ಎಂದು ಅರ್ಥವಲ್ಲ.

"ಬಿಳಿ ಕಲ್ನಾರು ಸೇಫ್, ನೀಲಿಯದ್ದು ಮಾತ್ರ ಅಪಾಯ" ಎಂಬ ಮಾತೂ ಕಿವಿಗೆ ಬೀಳುತ್ತದೆ. ಮೆಸೊಥೆಲಿಯೋಮಾ ಎಂಬ ಹೊರಪೊರೆಯ ಕ್ಯಾನ್ಸರ್ ತರುವುದರಲ್ಲಿ ನೀಲಿಯದ್ದು ಹೆಚ್ಚು ಭೀಕರ, ಅದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಬಿಳಿಯದ್ದೂ ಸೇರಿ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಗುಂಪಿನಲ್ಲಿ ಇಟ್ಟಿದೆ. ಬಿಳಿಯದ್ದರಿಂದ ಆಸ್‌ಬೆಸ್ಟೋಸಿಸ್ ಬರುತ್ತದೆ ಎಂಬುದರಲ್ಲಂತೂ ಚರ್ಚೆಯೇ ಇಲ್ಲ. ಮುಂಬೈನ ಒಂದು ಕಲ್ನಾರು ಕಾರ್ಖಾನೆಯ 181 ಕಾರ್ಮಿಕರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 22ರಷ್ಟು ಜನಕ್ಕೆ ಆಸ್‌ಬೆಸ್ಟೋಸಿಸ್ ಇತ್ತು. ನಿಮ್ಮ ತಂದೆಯವರ ಜೊತೆ ಕೆಲಸ ಮಾಡಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಕೆಲವು ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೊನೆಗೆ ಬೆಲ್ಲ, ಬಾಳೆಹಣ್ಣು ಕೊಡುತ್ತಾರೆ, ಧೂಳು ಇಳಿದುಹೋಗುತ್ತದೆ ಅಂತ. ಬೆಲ್ಲ ಹೋಗುವುದು ಹೊಟ್ಟೆಗೆ, ನಾರು ಇರುವುದು ಶ್ವಾಸಕೋಶದಲ್ಲಿ. ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್ಲೂ ಈ ನಾರನ್ನು ತಡೆಯುವುದಿಲ್ಲ.

ಈಗ ಮಾಡಿಸಬೇಕಾದ ಪರೀಕ್ಷೆಗಳು: ತೆಳು ಪದರದ ಸಿಟಿ (ಎಚ್‌ಆರ್‌ಸಿಟಿ), ಉಸಿರಿನ ಸಾಮರ್ಥ್ಯದ ಪಿಎಫ್‌ಟಿ, ಅದರ ಜೊತೆ ಆಮ್ಲಜನಕ ರಕ್ತಕ್ಕೆ ಎಷ್ಟು ಸಾಗುತ್ತದೆ ಎಂದು ಅಳೆಯುವ ಡಿಎಲ್‌ಸಿಒ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ದೇವನಹಳ್ಳಿ ಕಡೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದಕ್ಷಿಣ ವಲಯದ ಔದ್ಯೋಗಿಕ ಆರೋಗ್ಯ ಕೇಂದ್ರವೂ ಇದೆ. ಕೆಲಸದಿಂದ ಬರುವ ಕಾಯಿಲೆಗಳ ಅಧ್ಯಯನವೇ ಅದರ ಕೆಲಸ. ಆಸ್‌ಬೆಸ್ಟೋಸಿಸ್ ಎಂದು ಹೇಳಲು ಸಾಮಾನ್ಯವಾಗಿ ಬಯಾಪ್ಸಿ ಬೇಕಾಗಿಲ್ಲ. ಆದರೆ ಎದೆಯ ಒಂದೇ ಕಡೆ ನೀರು ತುಂಬಿದರೆ, ಬಿಡದ ಎದೆನೋವು ಬಂದರೆ, ತೂಕ ಇಳಿದರೆ ಬಯಾಪ್ಸಿ ಬೇಕಾಗಬಹುದು. ಆಗ ತಡ ಮಾಡಬೇಡಿ.

ಗುಣಪಡಿಸುವ ಔಷಧಿ ಇಲ್ಲ. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ, ಬೇಕಾದಾಗ ಆಮ್ಲಜನಕ ಇವುಗಳಿಂದ ಬದುಕು ಹಗುರವಾಗುತ್ತದೆ. ಎಷ್ಟೋ ಜನರಲ್ಲಿ ಕಾಯಿಲೆ ನಿಧಾನವಾಗಿ ಸಾಗುತ್ತದೆ.

ಕಾನೂನಿನ ದಾರಿಗಳು

ಮೊದಲಿಗೆ ಒಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ "ಮೆಸೊಥೆಲಿಯೋಮಾ ವಕೀಲರು, ಕೋಟಿಗಟ್ಟಲೆ ಪರಿಹಾರ" ಎಂಬ ಜಾಹೀರಾತು ಬರುತ್ತವೆ. ಅವು ಅಮೆರಿಕದ ಕಾನೂನಿನವು. ಅಲ್ಲಿ ದಿವಾಳಿಯಾದ ಕಲ್ನಾರು ಕಂಪನಿಗಳು ಕಟ್ಟಿಟ್ಟ ಟ್ರಸ್ಟ್‌ಗಳಿವೆ. ನಿಮ್ಮ ಕೇಸಿಗೂ ಅದಕ್ಕೂ ಸಂಬಂಧವಿಲ್ಲ.

ನಿಮಗಿರುವ ಮುಖ್ಯ ದಾರಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ತಂದೆಯವರ ಸಂಬಳ ನೋಡಿದರೆ ಪರ್ಮನೆಂಟ್ ಆದ ಮೇಲಾದರೂ ಅವರು ಇಎಸ್‌ಐನಲ್ಲಿ ಇದ್ದಿರಬೇಕು. ಕಲ್ನಾರಿನಿಂದ ಬರುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ ಮೂರೂ ಕಾನೂನಿನ ಮೂರನೇ ಅನುಸೂಚಿಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ಕಾಯಿಲೆಯನ್ನು ಕೆಲಸದಲ್ಲಿ ಆದ ಗಾಯ ಎಂದೇ ಪರಿಗಣಿಸುತ್ತಾರೆ. ಅರ್ಜಿ ಕೊಟ್ಟ ಮೇಲೆ ವಿಶೇಷ ವೈದ್ಯಕೀಯ ಮಂಡಳಿ ಪರೀಕ್ಷಿಸಿ, ದುಡಿಯುವ ಶಕ್ತಿ ಶೇಕಡ ಎಷ್ಟು ಹೋಗಿದೆ ಎಂದು ಹೇಳುತ್ತದೆ. ಪೂರ್ತಿ ಹೋಗಿದ್ದರೆ ಸಂಬಳದ ಸುಮಾರು ಶೇ. 90, ಭಾಗಶಃ ಹೋಗಿದ್ದರೆ ಅದರಲ್ಲಿ ಅಷ್ಟು ಭಾಗ, ತಿಂಗಳು ತಿಂಗಳು, ಬದುಕಿರುವವರೆಗೆ. 11,000 ಸಂಬಳಕ್ಕೆ ಶೇ. 40 ನಷ್ಟ ಎಂದು ಮಂಡಳಿ ಹೇಳಿದರೆ ತಿಂಗಳಿಗೆ ಹತ್ತಿರ ಹತ್ತಿರ 4,000 ರೂಪಾಯಿ. ಕಾಯಿಲೆಯಿಂದ ಸಾವು ಬಂದರೆ ಹೆಂಡತಿಗೆ ಅವಲಂಬಿತರ ಪಿಂಚಣಿ ಸಿಗುತ್ತದೆ.

ಇಲ್ಲಿನ ತೊಂದರೆ ಅಂದರೆ ಮಂಡಳಿ ಶೇಕಡಾವಾರು ತುಂಬಾ ಕಡಿಮೆ ಹಾಕುವುದು. ಪಿಎಫ್‌ಟಿ, ಡಿಎಲ್‌ಸಿಒ ಕಾಗದ ಇಲ್ಲದೆ ಬರೀ ಎಕ್ಸ್‌ರೇ ಹಿಡಿದು ಹೋದವರಿಗೆ ಹೀಗಾಗುವುದು ಜಾಸ್ತಿ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೆಡಿಕಲ್ ಅಪೀಲ್ ಟ್ರಿಬ್ಯೂನಲ್ಲಿಗೋ, ನೇರವಾಗಿ ಕಾರ್ಮಿಕರ ವಿಮಾ ನ್ಯಾಯಾಲಯಕ್ಕೋ ಹೋಗಬಹುದು. ಕಂಪನಿ ಇಎಸ್‌ಐ ವಂತಿಗೆಯನ್ನೇ ಕಟ್ಟಿರಲಿಲ್ಲ ಎಂದು ಗೊತ್ತಾದರೂ ಎದೆಗುಂದಬೇಡಿ. ಮಾಲೀಕನ ತಪ್ಪಿಗೆ ಕಾರ್ಮಿಕನಿಗೆ ಸೌಲಭ್ಯ ತಪ್ಪಬಾರದು, ನಿಗಮ ಕೊಟ್ಟು ಮಾಲೀಕನಿಂದ ವಸೂಲಿ ಮಾಡಬಹುದು ಎಂದು ಕಾನೂನಿನಲ್ಲೇ ಇದೆ.

ಎರಡನೆಯದು ನೌಕರರ ಪರಿಹಾರ ಕಾಯ್ದೆ, 1923ರದ್ದು. ಇಎಸ್‌ಐ ವ್ಯಾಪ್ತಿಗೆ ಬರದವರಿಗೆ ಇದೇ ದಾರಿ. ಇಲ್ಲಿ ದುಡ್ಡು ಒಂದೇ ಸಲ ಬರುತ್ತದೆ. ಸಂಬಳದ ಶೇ. 60 ಅನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 60 ವರ್ಷಕ್ಕೆ ಆ ಅಂಕಿ 117.41. ತಂದೆಯವರ ಸಂಬಳಕ್ಕೆ ಹಾಕಿ ನೋಡಿ: 6,600 ಗುಣಿಸು 117.41, ಅಂದರೆ 7,74,906 ರೂಪಾಯಿ. ಇದು ಪೂರ್ತಿ ನಷ್ಟಕ್ಕೆ. ಶೇ. 40 ನಷ್ಟಕ್ಕೆ ಸುಮಾರು 3,10,000. ತಡ ಮಾಡಿದರೆ ಮಾಲೀಕ ಶೇ. 12 ಬಡ್ಡಿ ಕೊಡಬೇಕು, ಕಾರಣವಿಲ್ಲದ ತಡಕ್ಕೆ ದಂಡವೂ ಬೀಳಬಹುದು. ಕಂಟ್ರಾಕ್ಟ್ ಕಾರ್ಮಿಕನಿಗೂ ಮುಖ್ಯ ಮಾಲೀಕನೇ ಹೊಣೆ. ಒಬ್ಬರು ಎರಡು ಮೂರು ಲೈನಿಂಗ್ ಘಟಕಗಳಲ್ಲಿ ದುಡಿದಿದ್ದರೆ, ಆಸ್‌ಬೆಸ್ಟೋಸಿಸ್‌ನಂಥ ಕಾಯಿಲೆಗೆ ಆ ಎಲ್ಲ ಮಾಲೀಕರ ಮೇಲೂ ಹೊಣೆ ಹಂಚುವ ಅಧಿಕಾರ ಈ ಕಾಯ್ದೆಯ ಕೇಸು ತೀರ್ಮಾನಿಸುವ ಆಯುಕ್ತರಿಗಿದೆ.

ಆದರೆ ಇಎಸ್‌ಐನಲ್ಲಿ ಇದ್ದವರು ಅದೇ ಕಾಯಿಲೆಗೆ ಮಾಲೀಕನಿಂದಲೂ ಪರಿಹಾರ ಪಡೆಯುವ ಹಾಗಿಲ್ಲ. ಇದು ತುಂಬಾ ಜನ ಎಡವುವ ಜಾಗ. ವಕೀಲರ ಮಾತು ಕೇಳಿ ಪರಿಹಾರದ ಕೇಸು ಹಾಕಿ, ಮೂರು ವರ್ಷ ಓಡಾಡಿ, ಕೊನೆಗೆ "ನೀವು ಇಎಸ್‌ಐ ವಿಮೆದಾರರು, ಅಲ್ಲಿಗೆ ಹೋಗಿ" ಎಂದು ವಾಪಸ್ ಬಂದವರನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಅವರ ಆರೋಗ್ಯವೂ ಇಳಿದಿರುತ್ತದೆ. ನಿಮ್ಮ ವಿಚಾರದಲ್ಲಿ ಮೊದಲು ಇಎಸ್‌ಐಗೇ ಹೋಗಿ. ಅಲ್ಲಿ ಲಿಖಿತವಾಗಿ ಇಲ್ಲ ಎಂದರೆ ಮಾತ್ರ ಎರಡನೆಯದು.

ಸಮಯದ ಮಿತಿಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಪರಿಹಾರ ಕಾಯ್ದೆಯಲ್ಲಿ ಎರಡು ವರ್ಷದ ಗಡುವಿದೆ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ ಎಂಬ ಮಾತೂ ಅದರಲ್ಲಿದೆ. ಇಪ್ಪತ್ತು ವರ್ಷ ಮಲಗಿದ್ದು ಏಳುವ ಕಾಯಿಲೆಗೆ ಈ ಗಡುವು ಸ್ವಲ್ಪವೂ ಹೊಂದುವುದಿಲ್ಲ. ಇದು ಕಾನೂನಿನ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಎದುರು ಪಕ್ಷದವರು ಇದನ್ನು ಎತ್ತಿಯೇ ಎತ್ತುತ್ತಾರೆ. ಆದರೆ ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗಿದೆ. ಟಿಬಿ ಎಂದು ತಪ್ಪಾಗಿ ತಿಳಿದು ಚಿಕಿತ್ಸೆ ಪಡೆದದ್ದು, ಕಲ್ನಾರಿನ ಸುಳಿವು ಮೊದಲು ಸಿಕ್ಕಿದ್ದು ಈ ಸಿಟಿಯಲ್ಲೇ ಎಂಬುದು ಅಂಥ ಕಾರಣ. ಈ ಸಿಟಿ ರಿಪೋರ್ಟಿನ ತಾರೀಖು ಬರೆದಿಟ್ಟುಕೊಳ್ಳಿ. ಅಲ್ಲಿಂದ ಗಡಿಯಾರ ಓಡುತ್ತಿದೆ ಎಂದುಕೊಂಡೇ ಹೆಜ್ಜೆ ಇಡಿ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಎಸ್‌ಐ ಮತ್ತು ಪರಿಹಾರ ಕಾಯ್ದೆ ಎರಡೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿವೆ. ತಂದೆಯವರು ದುಡಿದದ್ದು ಹಳೆ ಕಾನೂನಿನ ಕಾಲದಲ್ಲಿ, ಅರ್ಜಿ ಕೊಡುತ್ತಿರುವುದು ಹೊಸದರ ಕಾಲದಲ್ಲಿ. ಯಾವುದು ಅನ್ವಯ ಎಂಬ ತಕರಾರು ಬರದ ಹಾಗೆ ಅರ್ಜಿಯಲ್ಲಿ ಎರಡನ್ನೂ ಹೆಸರಿಸಲು ವಕೀಲರಿಗೆ ಹೇಳಿ.

ಸೆಟಲ್‌ಮೆಂಟ್ ಸಹಿಯ ಮಾತು ಬರೀ ಬೆದರಿಕೆ. ಕಾಯಿಲೆಯ ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಕಾರ್ಮಿಕ ಬರೆದುಕೊಟ್ಟರೂ ಆ ಒಪ್ಪಂದ ನಿಲ್ಲುವುದಿಲ್ಲ. ಅವರು ಸಹಿ ಹಾಕಿದ್ದು ಗ್ರಾಚುಟಿ, ಬಾಕಿ ಸಂಬಳದ ಲೆಕ್ಕಕ್ಕೆ.

ಸಿವಿಲ್ ಕೋರ್ಟಿನಲ್ಲಿ ನಿರ್ಲಕ್ಷ್ಯದ ದಾವೆ ಹೂಡುವುದನ್ನು ನಿಮಗೆ ನಾನು ಸೂಚಿಸುವುದಿಲ್ಲ. ಇಎಸ್‌ಐ ವಿಮೆದಾರರಿಗೆ ಆ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ. ಇಲ್ಲದವರಿಗೂ ವರ್ಷಗಟ್ಟಲೆ ಹಿಡಿಯುತ್ತದೆ.

ಕಾಗದ ಪತ್ರ ಎಲ್ಲಿ ಸಿಗುತ್ತದೆ

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಬಗ್ಗೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಅದರಲ್ಲಿ ನಿಮಗೆ ನೇರವಾಗಿ ಬೇಕಾದ ಒಂದು ಆದೇಶವಿದೆ: ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಂಪನಿ ಇಟ್ಟಿರಬೇಕು. ತಂದೆಯವರಿಗೆ ಲೆಕ್ಕ ಹಾಕಿ. 1989ಕ್ಕೆ 40 ಕೂಡಿದರೆ 2029. 2015ಕ್ಕೆ 15 ಕೂಡಿದರೆ 2030. ಅಂದರೆ 2030ರವರೆಗೆ ಆ ದಾಖಲೆ ಕಂಪನಿಯ ಬಳಿ ಇರಲೇಬೇಕು. ಹೆಸರು ಬದಲಾಯಿಸಿದರೆ, ಊರು ಬಿಟ್ಟರೆ ಆ ಹೊಣೆ ಕಳಚಿಕೊಳ್ಳುವುದಿಲ್ಲ.

ಇನ್ನು ಫೋನ್ ಬೇಡ. ತಂದೆಯವರ ಸಹಿಯಲ್ಲಿ ಸ್ಪೀಡ್ ಪೋಸ್ಟ್ ಹಾಕಿ, ತಲುಪಿದ್ದಕ್ಕೆ ಸ್ವೀಕೃತಿ ಸಮೇತ. ಆರೋಗ್ಯ ತಪಾಸಣೆ ದಾಖಲೆ, ಎಕ್ಸ್‌ರೇ, ಧೂಳಿನ ಅಳತೆಯ ರಿಪೋರ್ಟ್, ಸೇವಾ ಪ್ರಮಾಣಪತ್ರ ಕೇಳಿ. ಕೊಟ್ಟರೆ ಸಾಕ್ಷ್ಯ. ಕೊಡದಿದ್ದರೆ, ಇಡಬೇಕಾದ ದಾಖಲೆ ಇಡಲಿಲ್ಲ ಎಂಬುದೇ ನಿಮ್ಮ ಪರ ಒಂದು ವಾದ.

ಮನೆಯಲ್ಲೂ ಹುಡುಕಿ. ಹಳೆ ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಗೇಟ್ ಪಾಸ್, ಯೂನಿಯನ್ ರಸೀತಿ, ಆಯುಧಪೂಜೆ ದಿನ ಮೆಷಿನ್ ಪಕ್ಕ ನಿಂತು ತೆಗೆಸಿಕೊಂಡ ಫೋಟೋ. ನಗಬೇಡಿ, ಆ ಫೋಟೋದಲ್ಲಿ ಯಾವ ಮೆಷಿನ್, ಯಾವ ಶೆಡ್ ಎಂದು ಕಾಣುತ್ತದೆ. ಪಿಎಫ್ ಕಚೇರಿ ಮತ್ತು ಇಎಸ್‌ಐ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸೇವಾ ಅವಧಿಯ ದಾಖಲೆ ಸಿಗುತ್ತದೆ. ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ, ಆ ಫ್ಯಾಕ್ಟರಿಯ ಲೈಸೆನ್ಸ್, ಅಲ್ಲಿ ಬಳಸುತ್ತಿದ್ದ ಕಚ್ಚಾಮಾಲು, ತಪಾಸಣಾ ವರದಿಗಳನ್ನು ಕೇಳಿ. ಕಲ್ನಾರು ಬಳಸುತ್ತಿದ್ದರು ಎಂಬುದಕ್ಕೆ ಸರ್ಕಾರಿ ಕಾಗದವೇ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಕಂಟ್ರಾಕ್ಟ್ ಆರು ವರ್ಷಕ್ಕೆ ಕಾಗದವೇ ಸಿಗದಿರಬಹುದು. ಅದಕ್ಕೆ ಜೊತೆಯಲ್ಲಿ ದುಡಿದ ಇಬ್ಬರು ಮೂವರಿಂದ ಪ್ರಮಾಣಪತ್ರ ಮಾಡಿಸಿ. ಅವರೂ 60 ದಾಟಿದವರು, ಈಗಲೇ ಮಾಡಿಸಿ.

ಚಿಕಿತ್ಸೆ ಕೊಡುವ ಡಾಕ್ಟರಿಗೂ ಒಂದು ಕರ್ತವ್ಯವಿದೆ. ಆಸ್‌ಬೆಸ್ಟೋಸಿಸ್ ಕಂಡರೆ ಅದನ್ನು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ತಿಳಿಸಲೇಬೇಕು ಎಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನ ಡಾಕ್ಟರುಗಳಿಗೆ ಇದು ಗೊತ್ತಿಲ್ಲ. ವಿನಯದಿಂದ ಕೇಳಿ, ಪತ್ರದ ಪ್ರತಿ ಇಟ್ಟುಕೊಳ್ಳಿ.

ವಕೀಲರ ಫೀಸಿಗೆ ಹೆದರಬೇಡಿ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. "ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ನಮಗೆ" ಎಂದು ಬರುವ ಏಜೆಂಟರಿಗೆ ಮೂಲ ಕಾಗದಗಳನ್ನು ಕೊಡಲೇಬೇಡಿ.

ಅಮ್ಮ, ನೀವು, ನಿಮ್ಮ ತಮ್ಮ

ಅಮ್ಮನ ಬಗ್ಗೆ ನಿಮ್ಮ ಭಯಕ್ಕೆ ಆಧಾರವಿದೆ. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಮನೆಯವರಿಗೂ ಮೆಸೊಥೆಲಿಯೋಮಾ ಬಂದದ್ದನ್ನು 1965ರಲ್ಲೇ ಲಂಡನ್ನಿನ ಅಧ್ಯಯನವೊಂದು ತೋರಿಸಿತ್ತು. ಆದರೆ ಅದು ಅಪರೂಪದ ಕಾಯಿಲೆ. ಒಗೆದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಅಮ್ಮನಿಗೆ ಒಂದು ಎಕ್ಸ್‌ರೇ ತೆಗೆಸಿ ಇಟ್ಟುಕೊಳ್ಳಿ, ಯಾವ ಡಾಕ್ಟರ ಹತ್ತಿರ ಹೋದರೂ ಈ ಹಿನ್ನೆಲೆ ಹೇಳಿ. ಪ್ರತಿ ವರ್ಷ ಸಿಟಿ ಮಾಡಿಸುವುದು ಬೇಡ, ಆ ವಿಕಿರಣದಿಂದ ಲಾಭವಿಲ್ಲ. ಒಂದು ಕಡೆ ಎದೆನೋವು, ಏದುಸಿರು, ಪ್ಲೂರಾದಲ್ಲಿ ನೀರು ಕಂಡರೆ ಮಾತ್ರ ತಡ ಮಾಡಬೇಡಿ. ಇದೇ ಮಾತು ನಿಮಗೂ ಅನ್ವಯ. ನೋವಿನ ಸಂಗತಿ ಅಂದರೆ ಇಎಸ್‌ಐ ಆಗಲಿ ಪರಿಹಾರ ಕಾಯ್ದೆಯಾಗಲಿ ದುಡಿದವನ ಕಾಯಿಲೆಗೆ ಮಾತ್ರ ಪರಿಹಾರ ಕೊಡುತ್ತವೆ. ಬಟ್ಟೆ ಒಗೆದವರಿಗೆ ಅವುಗಳಲ್ಲಿ ಜಾಗವಿಲ್ಲ.

ಫ್ಯಾಕ್ಟರಿಯಿಂದ ತಂದ ಖಾಲಿ ಚೀಲ, ತುಂಡು ಲೈನಿಂಗ್ ಮನೆಯಲ್ಲಿ ಇನ್ನೂ ಇದ್ದರೆ ಕೊಡವಬೇಡಿ, ಸುಡಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಅಮೆರಿಕದ ಸ್ಟ್ರಾಟ್‌ಫರ್ಡ್ ಎಂಬ ಊರಿನಲ್ಲಿ ಬ್ರೇಕ್ ಫ್ಯಾಕ್ಟರಿಯ ತ್ಯಾಜ್ಯವನ್ನು ಊರ ತುಂಬ ಗುಂಡಿ ತುಂಬಲು ಹಾಕಿದರು. ಫ್ಯಾಕ್ಟರಿ 1989ರಲ್ಲಿ ಮುಚ್ಚಿತು, ಆ ಮಣ್ಣನ್ನು ಶುದ್ಧ ಮಾಡುವ ಕೆಲಸ ಅದಾದ ಮೇಲೆ ದಶಕಗಟ್ಟಲೆ ನಡೆಯಿತು.

ನಿಮ್ಮ ತಮ್ಮನಿಗೆ ಹೇಳಬೇಕಾದ್ದು ಇಷ್ಟು. ಹೊಸ ವಾಹನಗಳಿಗೆ ಬರುವ ಲೈನಿಂಗ್ ಹೆಚ್ಚಾಗಿ ಕಲ್ನಾರಿಲ್ಲದ್ದು. ಆದರೆ ಲಾರಿ ಗ್ಯಾರೇಜಿಗೆ ಬರುವ ಹಳೆ ಶೂಗಳಲ್ಲಿ, ಅಗ್ಗದ ಲೈನಿಂಗ್‌ನಲ್ಲಿ ಏನಿದೆ ಎಂದು ಕಣ್ಣಿಂದ ಹೇಳಲಾಗದು. ಬ್ರೇಕ್ ಹಾಕಿದ ಬಿಸಿಗೆ ಕಲ್ನಾರಿನ ಹೆಚ್ಚಿನ ಭಾಗ ಬೇರೆ ಖನಿಜವಾಗಿ ಬದಲಾಗುತ್ತದೆ, ಅದು ನಿಜ. ಪೂರ್ತಿ ಬದಲಾಗುವುದಿಲ್ಲ. ಹೊಸ ಲೈನಿಂಗ್ ಅನ್ನು ಅರದಿಂದ ಉಜ್ಜುವಾಗ, ಡ್ರಿಲ್ ಹಾಕುವಾಗಂತೂ ನಾರು ನಾರಾಗಿಯೇ ಏಳುತ್ತದೆ. ಆದ್ದರಿಂದ ಡ್ರಮ್ ಬಿಚ್ಚಿದ ಕೂಡಲೇ ಏರ್ ಗನ್ ಹಿಡಿಯಬಾರದು. ನೀರು ಅಥವಾ ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒಣಗಲು ಬಿಡದೆ ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಲೈನಿಂಗ್ ಕೊಳ್ಳುವಾಗ ಡಬ್ಬದ ಮೇಲೆ ಕಲ್ನಾರಿಲ್ಲ ಎಂದು ಬರೆದಿರುವುದನ್ನೇ ಮಾಲೀಕರ ಕೈಲಿ ತರಿಸಬೇಕು. ಕೆಲಸದ ಬಟ್ಟೆ ಗ್ಯಾರೇಜಿನಲ್ಲೇ ಬಿಚ್ಚಿ, ಅಲ್ಲೇ ಒಗೆದು, ಮನೆಗೆ ಬೇರೆ ಬಟ್ಟೆಯಲ್ಲಿ ಬರಲಿ.